ನುಂಗಮ್ಮ, ಇನ್ನೊಂದು ಸಲ

ಮಾರ್ಚ್ ೪, ಮಧ್ಯಾಹ್ನ

ಇವತ್ತೂ ಅದೇ. ಕುರ್ಚಿಯ ಮೇಲೆ ಕೂರಿಸಿದರು. ಕಲಿಯುವ ಡಾಕ್ಟರುಗಳು ಒಬ್ಬೊಬ್ಬರಾಗಿ ಹಿಂದೆ ನಿಂತು ಎರಡೂ ಕೈಯಲ್ಲಿ ಕತ್ತು ಹಿಡಿದರು. ಬಾಯಲ್ಲಿ ನೀರು. "ನುಂಗಮ್ಮ." ನುಂಗಿದೆ. ಕತ್ತಿನ ಗಂಟು ಮೇಲೆ ಹೋಗಿ ಕೆಳಗೆ ಬಂತು. "ನೋಡಿದ್ರಾ? ನೆಕ್ಸ್ಟ್," ಎಂದರು ಕಲಿಸುವವರು. ಮತ್ತೆ ನೀರು. ಒಬ್ಬನ ಬೆರಳಲ್ಲಿ ಸಿಗರೇಟಿನ ವಾಸನೆ. ಒಬ್ಬಳು ಬಿಸ್ಕತ್ತು ತಿಂದು ಕೈ ತೊಳೆದಿರಲಿಲ್ಲ, ಅಂಟಂಟು. ಹೊಟ್ಟೆ ಬಿಂದಿಗೆಯಾಯಿತು. ಬಾತ್‌ರೂಮಿಗೆ ಹೋಗಬೇಕೆಂದು ಕೈಸನ್ನೆ ಮಾಡಿದೆ. "ಇನ್ನೆರಡೇ ಜನ, ತಡ್ಕೊಳ್ಳಿ."

ಮಲಗಿದರೆ ಉಸಿರು ಕಟ್ಟುತ್ತದೆ. ಅದನ್ನು ಯಾರೂ ಕೇಳಲಿಲ್ಲ.

ಮಾರ್ಚ್ ೫

ಇಲ್ಲಿ ನನ್ನ ಹೆಸರು ಥೈರಾಯ್ಡ್. ಪಕ್ಕದ ಹಾಸಿಗೆಯ ಅಜ್ಜಿ ಹರ್ನಿಯಾ. ಸಿಸ್ಟರ್ ಮಾತ್ರ ಮೂಗಿ ಎನ್ನುತ್ತಾರೆ, ಪ್ರೀತಿಯಿಂದಲೇ. ಹೊಸಬರ ಎದುರು ನನಗೆ ನಾಲಿಗೆ ಏಳುವುದಿಲ್ಲ. ಟೈಲರ್ ಅಂಗಡಿಯಲ್ಲೂ ತಲೆ ತಗ್ಗಿಸಿ ಕಾಜಾ ಹೊಲಿಯುತ್ತಿದ್ದೆ, ಅಷ್ಟೇ. ಇಲ್ಲಿ ಕೇಳಿದ್ದಕ್ಕೆಲ್ಲ ಜೊತೆಗಿರುವ ಚಿಕ್ಕಮ್ಮನದೇ ಉತ್ತರ. ಈಗ ಧ್ವನಿಯೂ ಒಡೆದಿದೆ. ಶೀತ, ಹೋಗುತ್ತೆ ಎನ್ನುತ್ತಾಳೆ ಚಿಕ್ಕಮ್ಮ.

ನಾನು ಸೇರಿದ ದಿನ ಬಂದ ಕಲಿಯುವ ಹುಡುಗ ಚಿಕ್ಕಮ್ಮನನ್ನು ಕೇಳಿ ನನ್ನ ವಿವರ ಬರೆದುಕೊಂಡ. ಉಳಿದವರೆಲ್ಲ ಅವನದನ್ನು ನೋಡಿ ಬರೆದರು. ನಾಲ್ಕನೇ ಕ್ಲಾಸಿನಲ್ಲಿ ನಾವು ಹಾಗೆ ಮಾಡಿದರೆ ಕೈಗೆ ಬೀಳುತ್ತಿತ್ತು.

ಮಾರ್ಚ್ ೯

ರೌಂಡ್ಸ್. "ಸರ್, ಇವರನ್ನ ಗುರುವಾರದ ಆಪರೇಷನ್‌ಗೆ ಹಾಕ್ಲಾ?" ಎಂದ ಚಿಕ್ಕ ಡಾಕ್ಟರು.

"ಈ ಗಂಟು ತೆಗೆದ್ಬಿಟ್ರೆ ಹುಡುಗರ ಪರೀಕ್ಷೆಗೆ ಏನಿಡ್ತೀಯಾ, ನಿನ್ನ ತಲೇನಾ? ಇಂಥ ಕೇಸ್ ಮತ್ತೆ ಸಿಗುತ್ತಾ? ಪರೀಕ್ಷೆ ಮುಗೀಲಿ," ಎಂದರು ದೊಡ್ಡ ಡಾಕ್ಟರು.

ಎಲ್ಲರೂ ನಕ್ಕರು. ಅವರು ನನ್ನ ಗಲ್ಲ ಎತ್ತಿ ಕತ್ತು ನೋಡಿದರು — ದನದ ಹಲ್ಲು ನೋಡುವ ಹಾಗೆ. ಮುಖ ನೋಡಲಿಲ್ಲ.

ಚಿಕ್ಕಮ್ಮನಿಗೆ ಹೇಳಿದೆ. "ಸುಮ್ನಿರೇ. ಡಾಕ್ಟ್ರನ್ನ ಎದುರು ಹಾಕ್ಕೊಂಡು ಬದುಕೋಕಾಗುತ್ತಾ? ಹಲ್ಲು ಕಚ್ಕೊಂಡಿರು."

ಹಲ್ಲು ಕಚ್ಚಿಕೊಂಡರೆ ನೀರು ನುಂಗುವುದು ಹೇಗೆ?

ಅಸಹ್ಯ. ಸೋಪು ಹಾಕಿ ತೊಳೆದರೂ ಕತ್ತಿನಿಂದ ಅವರ ಕೈ ಹೋಗುವುದಿಲ್ಲ.

ಮಾರ್ಚ್ ೧೬

ಬರೆಯಲು ಮನಸ್ಸೇ ಬರಲಿಲ್ಲ. ಈಗ ದಿಂಬಿಗೆ ಒರಗಿ ಕೂತೇ ನಿದ್ದೆ.

ಕನ್ನಡಕದ ಹುಡುಗಿ ಬಂದಳು. ಅವಳೂ ಕಲಿಯುವವಳೇ. "ಅಕ್ಕ, ನಾಳೆ ಪರೀಕ್ಷೇಲಿ ನನಗೆ ಕೇಸಾಗಿ ನೀವೇ ಬಂದ್ರೆ ಪ್ಲೀಸ್ ಕೋಆಪರೇಟ್ ಮಾಡಿ. ಒಂದ್ಸಲ ಫೇಲ್ ಆಗಿದೀನಿ. ಈ ಸಲನೂ ಹೋದ್ರೆ ಅಪ್ಪ ಮನೆಗೇ ಸೇರಿಸಲ್ಲ."

ನನ್ನ ಕೈ ಹಿಡಿದುಕೊಂಡಿದ್ದಳು. ನೀವು ಹೇಗಿದ್ದೀರಿ ಎಂದು ಕೇಳುತ್ತಾಳೆ ಅಂದುಕೊಂಡೆ. ಗಂಟು ಇದ್ದಲ್ಲೇ ಇದೆಯಾ ಎಂದು ಮುಟ್ಟಿ ನೋಡಿಕೊಂಡು ಹೋದಳು.

ಮಾರ್ಚ್ ೧೭, ಸಂಜೆ

ಅವಳಿಗೇ ನಾನು ಬಂದೆ.

ಬೇರೆ ಊರಿನ ಪರೀಕ್ಷಕರು, ಬಿಳಿ ಮೀಸೆ. ಪಕ್ಕದಲ್ಲಿ ದೊಡ್ಡ ಡಾಕ್ಟರು. ಹುಡುಗಿ ಗಿಳಿಪಾಠ ಒಪ್ಪಿಸಿದಳು. "...ವಾಯ್ಸ್ ನಾರ್ಮಲ್ ಸರ್. ಚೇಂಜ್ ಇಲ್ಲ."

"ನೀವೇ ಮಾತಾಡಿಸಿ ನೋಡಿದ್ರಾ?"

"ಹೌದು ಸರ್."

ಸುಳ್ಳು. ಮುಖಕ್ಕೆ ಮುಖ ಕೊಟ್ಟು ಸುಳ್ಳು. ಹಿಂದೆ ಬಂದು ಕತ್ತು ಹಿಡಿದಳು. ನನ್ನ ಬಾಯಲ್ಲಿ ನೀರಿತ್ತು.

"ನುಂಗಿ."

ನುಂಗಲಿಲ್ಲ.

"ಅಕ್ಕ, ಪ್ಲೀಸ್..."

ನೀರನ್ನು ಲೋಟಕ್ಕೇ ಉಗುಳಿದೆ. "ನನ್ನ ಆಪರೇಷನ್ ಯಾವಾಗ?" ಎಂದೆ. ಬಟ್ಟೆ ಹರಿದ ಹಾಗೆ ಬಂತು ಧ್ವನಿ.

ಬಿಳಿ ಮೀಸೆಯವರು ಬಗ್ಗಿದರು. "ಇನ್ನೊಮ್ಮೆ ಮಾತಾಡಮ್ಮ. ಯಾವಾಗಿಂದ ಹೀಗಿದೆ?"

"ಇಲ್ಲಿಗೆ ಬಂದ ಮೇಲೆ."

ದೊಡ್ಡ ಡಾಕ್ಟರ ಕಿವಿ ಕೆಂಪಾಯಿತು. ಪರೀಕ್ಷಕರು ಅವರ ಕಡೆ ತಿರುಗಿ, "ಇದು ಪರೀಕ್ಷೆಗೆ ಇಟ್ಕೊಳ್ಳೋ ಕತ್ತಲ್ಲ ರೀ. ಆಪರೇಷನ್ ಥಿಯೇಟರಿಗೆ ಕಳಿಸಿ," ಎಂದರು.

ಆಮೇಲೆ ವರಾಂಡದಲ್ಲಿ ಹುಡುಗಿ ಅಳುತ್ತಿದ್ದಳು. "ಮೊದಲೇ ಹೇಳ್ಬಾರದಿತ್ತಾ ಅಕ್ಕ?" ಪಾಪ ಎನಿಸಿತು. ಆದರೂ ನಿಲ್ಲದೆ ವಾರ್ಡಿಗೆ ನಡೆದೆ. ಬಾಯಿಗೆ ನೀರು ಹಾಕಿದವರೇ ಎಲ್ಲ, ಬಾಯಿ ಬಿಡಿಸಿದವರು ಯಾರು?

ಮಾರ್ಚ್ ೧೮

ಮೂಗಿನಲ್ಲಿ ನಳಿಕೆ ಇಳಿಸಿ ಗಂಟಲು ನೋಡಿದರು. ಧ್ವನಿ ಹೊರಡಿಸುವ ಪೊರೆ ಒಂದು ಕಡೆ ಅಲ್ಲಾಡುತ್ತಿಲ್ಲವಂತೆ. ಗಂಟಿನಲ್ಲಿ ಕೆಟ್ಟದ್ದೂ ಇರಬಹುದಂತೆ. ನಾಳೆಯೇ ಆಪರೇಷನ್.

"ಧ್ವನಿ ವಾಪಸ್ ಬರುತ್ತಾ?"

"ಬರಬಹುದು. ಬರದೇನೂ ಇರಬಹುದು," ಎಂದ ಚಿಕ್ಕ ಡಾಕ್ಟರು.

"ಆ ಗುರುವಾರವೇ ಮಾಡಿದ್ದರೆ?"

ಸಹಿ ಮಾಡಬೇಕಾದ ಕಾಗದವನ್ನು ನನ್ನ ಕಡೆ ತಳ್ಳಿದ.

ಮಾರ್ಚ್ ೧೯, ಬೆಳಿಗ್ಗೆ

ಸ್ಟ್ರೆಚರ್‌ಗೆ ಕಾಯುತ್ತಿದ್ದೇನೆ.

ಈಗಷ್ಟೇ ದೊಡ್ಡ ಡಾಕ್ಟರು ಹೊಸ ಹುಡುಗರ ಗುಂಪು ಕರೆದುಕೊಂಡು ಬಂದರು. "ತೆಗೆಯೋಕೆ ಮುಂಚೆ ಎಲ್ಲರೂ ಒಂದ್ಸಲ ಮುಟ್ಟಿ ನೋಡ್ಬಿಡಿ." ಇವರಿಗೆ ನಾಚಿಕೆ ಎನ್ನುವುದೇ ಇಲ್ಲ. ಹಿಂದಿನಿಂದ ಎರಡು ತಣ್ಣನೆಯ ಕೈ.

ಬೇಡ ಎಂದೆ. ಯಾರಿಗೂ ಕೇಳಿಸಲಿಲ್ಲ. ಮತ್ತೆ ಎಂದೆ.

ಚಿಕ್ಕಮ್ಮ ಎದ್ದಳು. "ಬೇಡ ಅಂತಿದಾಳೆ, ಕೇಳಿಸಲ್ವಾ? ಕತ್ತಿಗೆ ಸ್ಟೆತಸ್ಕೋಪ್ ಹಾಕ್ಕೊಂಡಿದೀರಲ್ಲ, ಅದು ಕೇಳೋಕೋ, ಇಲ್ಲಾ ಹಾರಾನೋ?"

ಕೈ ಹೋಯಿತು. ದೊಡ್ಡ ಡಾಕ್ಟರು ಹುಡುಗರನ್ನು ಕರೆದುಕೊಂಡು ಹೊರಟರು. ಇನ್ನು ಸ್ವಲ್ಪ ಹೊತ್ತಿಗೆ ನನ್ನ ಕತ್ತಿನ ಮೇಲೆ ಕತ್ತಿ ಇಡುವವರೂ ಅವರೇ. ಚಿಕ್ಕಮ್ಮನ ಮುಖ ಬಿಳಿಚಿಕೊಂಡಿದೆ, ಆದರೂ ಕೂತಿಲ್ಲ.

ಸ್ಟ್ರೆಚರ್ ಬಂತು. ಎಚ್ಚರವಾದಾಗ ಧ್ವನಿ ಉಳಿದಿದ್ದರೆ, ಒಂದೇ ಒಂದು ಮಾತಿಗೆ ಆಗುವಷ್ಟು ಉಳಿದಿದ್ದರೂ ಸಾಕು, ಆ ದೊಡ್ಡ ಡಾಕ್ಟರನ್ನು ಹಾಸಿಗೆಯ ಹತ್ತಿರ ಕರೆದು ನನ್ನ ನಿಜವಾದ ಹೆಸರು ಹೇಳುತ್ತೇನೆ.