ಎರಡು ಬೂಟಿಗೆ ಒಬ್ಬ ಸೈನಿಕ

ಸೈನಿಕ ಸ್ಮಶಾನದ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಸ್ಮಶಾನದ ಕೊನೆಯ ಸಾಲಿನ ಎಂಟು ಕಲ್ಲುಗಳ ಕೆಳಗೆ ಯಾರೂ ಇಲ್ಲವೆಂದು ನೋಟಿಸು ಅಂಟಿಸಿದ್ದೀರಿ. ಅಲ್ಲಿ ಗಣ್ಯರ ಕಾರುಗಳು ನಿಲ್ಲಬೇಕಂತೆ; ಪಾಪ, ಅವಕ್ಕೂ ವಿಶ್ರಾಂತಿ ಬೇಡವೇ? ಆ ಸಾಲಿನಲ್ಲಿ ಸೈನಿಕನಾಗಿದ್ದ ನನ್ನ ಅಣ್ಣನಿದ್ದಾನೆ. ಯಾರೂ ಇಲ್ಲವೆಂದು ನಿಮಗೆ ಹೇಳಿದ್ದು ದಾಖಲೆ ಪುಸ್ತಕ. ಸರಿ, ಆ ಪುಸ್ತಕ ಹುಟ್ಟಿದ್ದು ಹೇಗೆಂದು ಕೇಳಿ.

ಯುದ್ಧದ ಕಾಲದಲ್ಲಿ ಈ ಸ್ಮಶಾನದ ಜಾಗ ಕವಾಯತು ಮೈದಾನ. ಮಟಮಟ ಮಧ್ಯಾಹ್ನ ಶೆಲ್ಲುಗಳು ಬಿದ್ದವು. ಗುಂಡಿ ತೋಡಲು ಕರೆಸಿದ ನಮ್ಮ ಅಪ್ಪನಿಗೆ ಸಿಕ್ಕಿದ್ದು ಹೆಣಗಳಲ್ಲ, ತುಂಡುಗಳು. ಬೇಲಿಯ ತಂತಿಗೆ ಕರುಳು ಸುತ್ತಿಕೊಂಡಿತ್ತು. ಕಡಿದುಬಿದ್ದ ಕೈಯೊಂದು ಇನ್ನೂ ಸೋಪು ಹಿಡಿದಿತ್ತು. ಯಾರ ತಲೆ, ಯಾರ ಮುಂಡ? ಗುಮಾಸ್ತ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಉಪಾಯ ಹೇಳಿದನಂತೆ: "ಬೂಟು ಎಣಿಸ್ರಿ. ಎರಡು ಬೂಟಿಗೆ ಒಬ್ಬ." ನಲವತ್ತಾರು ಬೂಟು, ಇಪ್ಪತ್ತಮೂರು ಜನ. ಬರೆದ, ಸಹಿ ಹಾಕಿದ, ಹೋದ. ಆಹಾ, ಎಂಥ ಬುದ್ಧಿವಂತಿಕೆ!

ಬೂಟು ಹಾಕಿಕೊಂಡು ಯಾರಾದರೂ ಸ್ನಾನ ಮಾಡುತ್ತಾರೆಯೇ, ಸ್ವಾಮಿ? ನೀರಿನ ತೊಟ್ಟಿಯ ಬಳಿ ನಿಂತಿದ್ದವರೆಲ್ಲ ಬರಿಗಾಲಿನವರು. ಅಲ್ಲಿ ಸಿಕ್ಕಿದ್ದನ್ನು ಅಪ್ಪ ಗೋಣಿಚೀಲದಲ್ಲಿ ಹೊತ್ತು ಕೊನೆಯ ಸಾಲಿನಲ್ಲಿ ಹೂತರು. ಸಂಜೆ ಬ್ಯಾರಕ್ಕಿಗೆ ಹೋದಾಗ ಮಂಚಗಳ ಕೆಳಗೆ ಎಂಟು ಜೊತೆ ಬೂಟು ಉಳಿದಿದ್ದವು. ಒಂದು ಜೊತೆ ಅಣ್ಣನದು. ತಾವು ಹೊತ್ತದ್ದು ಯಾರನ್ನೆಂದು ಅಪ್ಪನಿಗೆ ಆಗ ತಿಳಿಯಿತು. "ಮುಖ ಅಂತ ಒಂದಿದ್ದಿದ್ರೆ ಗುರುತು ಹಿಡೀತಿದ್ದೆ ಕಣೋ" ಎಂದು ಸಾಯುವವರೆಗೂ ಎದೆ ಬಡಿದುಕೊಂಡರು. ಗುಮಾಸ್ತನ ಬಳಿ ಹೋದರೆ "ಬರೆದಿದ್ದು ಬರೆದಾಯ್ತು, ಹೋಗಯ್ಯ" ಎಂದನಂತೆ. ಎಂಟು ಕಲ್ಲುಗಳನ್ನು ಅಪ್ಪ ತಾವೇ ನೆಟ್ಟರು.

ಮೊನ್ನೆ ಇದನ್ನೆಲ್ಲ ಹೇಳಿದಾಗ ನೀವು ಫ್ಯಾನಿನ ಕೆಳಗೆ ಕೂತು, "ಪುರಾವೆ ಏನಿದೆ ಯಜಮಾನ್ರೇ?" ಎಂದಿರಿ. ಪುರಾವೆಯನ್ನು ನಿಮ್ಮ ನೆಲ ಅಗೆಯುವ ಯಂತ್ರವೇ ಕೊಟ್ಟಿದೆ. ನಿನ್ನೆ ಬೆಳಿಗ್ಗೆ ಮೊದಲ ಕಲ್ಲು ಕಿತ್ತಾಗ ಅದರ ಹಲ್ಲಿಗೆ ಸಿಕ್ಕಿ ಮೇಲೆ ಬಂದದ್ದು ಮನುಷ್ಯನ ದವಡೆ. ಚಾಲಕ ಕೆಳಗಿಳಿದು ವಾಂತಿ ಮಾಡಿಕೊಂಡ. "ನನ್ ಕೈಲಾಗಲ್ಲ, ನೀವೇ ಅಗೆದ್ಕೊಳ್ಳಿ" ಎಂದು ಕೀಲಿ ಬಿಸಾಕಿ ಹೋದ. ಸುಳ್ಳೇಕೆ ಹೇಳಲಿ, ನಿಮ್ಮ ಕೊರಳಪಟ್ಟಿ ಹಿಡಿದು ಆ ಗುಂಡಿಗೆ ನೂಕುವಷ್ಟು ಸಿಟ್ಟು ಬಂತು.

ಅಗೆತ ನಿಲ್ಲಿಸಿ. ಪುಸ್ತಕದಲ್ಲಿ ಇಪ್ಪತ್ತಮೂರನ್ನು ಹೊಡೆದು ಮೂವತ್ತೊಂದು ಎಂದು ಬರೆಯಿರಿ. ಸೋಮವಾರ ಹತ್ತು ಗಂಟೆಗೆ ದವಡೆಯನ್ನು ಟವೆಲಿನಲ್ಲಿ ಸುತ್ತಿ ತಂದು ನಿಮ್ಮ ಮೇಜಿನ ಮೇಲೆ ಇಡುತ್ತೇನೆ. ಅದು ನನ್ನ ಅಣ್ಣನದೋ, ಇನ್ಯಾರ ಅಣ್ಣನದೋ ನನಗೂ ಗೊತ್ತಿಲ್ಲ. ಅದಕ್ಕೆ ಸ್ವೀಕೃತಿ ಬರೆದುಕೊಡಿ. "ಯಾರೂ ಇಲ್ಲ" ಎಂದು ಬರೆಯಲು ಆಗ ನಿಮ್ಮ ಕೈ ಏಳುತ್ತದೆಯೇ, ನೋಡೋಣ.

ಇಂತಿ,
ಗುಂಡಿ ತೋಡಿದವನ ಎರಡನೆಯ ಮಗ,
ನಿಮ್ಮ ಪುಸ್ತಕದ ಪ್ರಕಾರ ಒಬ್ಬನೇ ಮಗ