ಕೆಂಪು ದೀಪ, ಹಸಿರು ದೀಪ

ನನ್ನ ಮುದ್ದು ತಮ್ಮ ಪ್ರಬುದ್ಧನಿಗೆ,

ಲೇ, ನೀನು ಮಾಮಾ ಆಗುತ್ತಿದ್ದೀ! ಅವ್ವನಿಗೂ ಇನ್ನೂ ಹೇಳಿಲ್ಲ, ಮೊದಲು ನಿನಗೇ! ಮದುವೆಯ ಬಳೆಗಳು ಇನ್ನೂ ಕೈಯಲ್ಲಿವೆ, ಅಷ್ಟರಲ್ಲೇ ಇದು! ಇವರು ಮಲ್ಪೆ ಬಂದರಿಗೆಲ್ಲ ಲಾಡು ಹಂಚಲು ಹೊರಟಿದ್ದರು, ನಾನೇ ತಡೆದೆ.

ಫೋನಿನಲ್ಲೇ ಕಿರುಚಿ ಹೇಳಬೇಕೆಂದಿದ್ದೆ. ನೀನು ಎತ್ತುವುದೇ ಇಲ್ಲ. ಊರಿಗೆ ಹೊರಟ ಮೌಲಾಸಾಬ ಕಾಕಾನ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಪ್ಲೀಸ್, ಹರಿಯಬೇಡ, ಪೂರ್ತಿ ಓದು.

ಬೋಟಿನ ಕೆಲಸಕ್ಕೆಂದು ನೀನು ಇಲ್ಲಿಗೆ ಬಂದಿದ್ದ ಆ ದಿನ ಕಣ್ಣಿಗೆ ಕಟ್ಟಿದಂತಿದೆ. ಹದಿನೆಂಟು ತುಂಬದವರು ಬೋಟು ಹತ್ತಬೇಕಾದರೆ ವರ್ಷವರ್ಷವೂ ಡಾಕ್ಟರರ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕೇ ಬೇಕು ಎಂದರು, ಇವರು ಕೆಲಸ ಮಾಡುವ ಬೋಟಿನ ಮಾಲೀಕರು. ನೀನು ಎದೆಯುಬ್ಬಿಸಿ ಹೋದೆ. ಎದೆ, ಕಿವಿ, ತೂಕ, ಎಲ್ಲ ಚಲೋ. ಕೊನೆಗೆ ಡಾಕ್ಟರು ಬಣ್ಣಬಣ್ಣದ ಚುಕ್ಕೆಗಳ ಹಾಳೆ ತೋರಿಸಿ, ಒಳಗಿರುವ ಅಂಕಿ ಓದು ಎಂದರು. "ನಾ ಸಾಲಿ ಬಿಟ್ಟಾಂವ್ರಿ ಸಾಹೇಬ್ರ, ಇಂಗ್ಲಿಷ್ ಅಂಕಿ ಬ್ಯಾಡ್ರಿ, ಕನ್ನಡದ್ದು ತೋರಸ್ರಿ" ಎಂದೆ ನೀನು. ನಾವೆಲ್ಲ ಗೊಳ್ಳೆಂದು ನಕ್ಕೆವು. ಡಾಕ್ಟರು ನಗಲಿಲ್ಲ. ಇನ್ನೊಂದು ಹಾಳೆ ತೋರಿಸಿದರು, ಮತ್ತೊಂದು.

ಬೋಟಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಎದುರಿನ ಬೋಟು ಯಾವ ಕಡೆ ಹೊರಳುತ್ತಿದೆ ಎಂದು ಕತ್ತಲಲ್ಲಿ ಆ ದೀಪ ನೋಡಿಯೇ ತಿಳಿಯಬೇಕಂತೆ. ನಿನಗೆ ಎರಡೂ ಒಂದೇ. ಡಾಕ್ಟರು ಸಹಿ ಹಾಕಲಿಲ್ಲ.

ಆಗ ನನಗೆ ನಮ್ಮೂರು ಸವಡಿಯ ಮೆಣಸಿನಕಾಯಿ ಹೊಲ ನೆನಪಾಯಿತು. ಹಣ್ಣಾದದ್ದರ ಜೊತೆ ಹಸಿಕಾಯಿಯನ್ನೂ ಕಿತ್ತು ಬುಟ್ಟಿ ತುಂಬಿಸುತ್ತಿದ್ದೆ ನೀನು. "ಕಣ್ಣ ಮನ್ಯಾಗ ಇಟ್ಟ ಬಂದೀಯೇನಲೇ, ಮೈಗಳ್ಳ!" ಎಂದು ಅವ್ವ ಎಲ್ಲರ ಮುಂದೆ ಬೆನ್ನಿಗೆ ಬಾರಿಸುತ್ತಿದ್ದಳು. ನೀನು ಮೈಗಳ್ಳನಾಗಿರಲೇ ಇಲ್ಲ, ತಮ್ಮಾ. ಯಾರಿಗೂ ಗೊತ್ತಿರಲಿಲ್ಲ, ನಿನಗೂ.

ಮರಳಿ ಬರುವಾಗ ನೀನು ಕೇಳಿದ್ದು ಒಂದೇ ಮಾತು: "ಅಕ್ಕಾ, ಕೆಂಪು ಅಂದ್ರ ಹ್ಯಾಂಗಿರ್ತೈತಿ?" ರೋಣದ ಇಂಗ್ಲಿಷ್ ಶಾಲೆಯಲ್ಲಿ ಅಷ್ಟು ವರ್ಷ ಓದಿದ ನಾನು, ಬಸ್ಸು ಬಂತು ನಡಿ ಎಂದುಬಿಟ್ಟೆ. ಮರುದಿನ ನೀನು ಹೇಳದೆ ಊರಿಗೆ ಹೋಗಿಬಿಟ್ಟೆ.

ನಿನ್ನೆ ನಿನ್ನ ಗೆಳೆಯ ಮಂಜು ಫೋನ್ ಮಾಡಿದ್ದ. ಶನಿವಾರ ನೀವಿಬ್ಬರೂ ರತ್ನಾಗಿರಿಯ ಯಾವುದೋ ಬೋಟಿಗೆ ಹೊರಟಿದ್ದೀರಂತೆ. ನಿನ್ನ ಹೆಸರಿನಲ್ಲಿ ಅವನೇ ಡಾಕ್ಟರಿಗೆ ಕಣ್ಣು ತೋರಿಸುತ್ತಾನಂತೆ. "ಗೆಳೆಯಾ ಅಂದ್ರ ಹಿಂಗಿರಬೇಕ್ರಿ ಅಕ್ಕಾರ" ಎಂದು ನಗುತ್ತಿದ್ದ. ನಡುಗಡಲಿನಲ್ಲಿ ಅವನು ಮಲಗಿರುವಾಗ ಚುಕ್ಕಾಣಿ ನಿನ್ನ ಕೈಗೆ ಬಂದರೆ? ನಿನ್ನೊಬ್ಬನ ಜೀವವಲ್ಲ, ಬೋಟಿನಲ್ಲಿದ್ದವರೆಲ್ಲರದು.

ಹೋಗಬೇಡ. ಬೇರೆ ಯಾವ ಕೆಲಸ ಎಂದು ಕೇಳಿದರೆ ನನ್ನಲ್ಲಿ ಈಗ ಉತ್ತರವಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಕಣ್ಣಿನ ವಿಷಯ ಅವ್ವನಿಗೆ ಹೇಳಲು ನಿನಗೆ ಬಾಯಿ ಬರದಿದ್ದರೆ ನಾನೇ ಹೇಳುತ್ತೇನೆ, ಎಲ್ಲರ ಮುಂದೆಯೇ ಹೇಳುತ್ತೇನೆ. ಅಲ್ಲಿಯವರೆಗೆ ಊರು ಬಿಡಬೇಡ, ನನ್ನಾಣೆ. ಸಿಟ್ಟಿದ್ದರೆ ಎದುರಿಗೆ ನಿಂತು ಬೈ.

ನೂರು ವರ್ಷ ಬಾಳು, ನನ್ನ ಬಂಗಾರ.

ನಿನ್ನ ಅಕ್ಕ,
ಉಮಾ

ಗುರುವಾರ ಮಂಗಳೂರಿನಲ್ಲಿ ವಿಜಯಪುರದ ರೈಲು ಹತ್ತುತ್ತೇನೆ. ಶುಕ್ರವಾರ ಬೆಳಿಗ್ಗೆ ಹೊಳೆಆಲೂರಿನಲ್ಲಿ ಇಳಿದು ಮನೆಗೆ ಬರುತ್ತೇನೆ.