ಪಾಡ್ಯದ ಮುಹೂರ್ತ

ಬೈಲಹೊಂಗಲ, ೨೧-೧೦-೧೯೯೮. ದೀಪಾವಳಿ ಪಾಡ್ಯ.

ಸಾವಕಾರರ ಮುಹೂರ್ತ ತಪ್ಪಲಿಲ್ಲ. ನನ್ನ ಅಣ್ಣನ ಮೂರು ಬೆರಳು ಹೋದವು.

ಎಣ್ಣೆ ಮಿಲ್ಲಿನ ಯಂತ್ರ ರಿಪೇರಿಗೆ ಬಿಚ್ಚಿದಾಗಲೆಲ್ಲ ಅಣ್ಣ ಅದರ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾನೆ. ಅದು ಅವನ ಜೇಬಿನಲ್ಲಿರುವ ತನಕ ಯಾರೂ ಯಂತ್ರ ಚಾಲೂ ಮಾಡುವಂತಿಲ್ಲ. ಇವತ್ತು ಅವನ ಕೈ ಇನ್ನೂ ಯಂತ್ರದ ಒಳಗೇ ಇತ್ತು. ಪಾಡ್ಯದ ಯಂತ್ರಪೂಜೆಯ ಮುಹೂರ್ತ ಮೀರುತ್ತದೆಂದು ಆರತಿ ತಟ್ಟೆ ಹಿಡಿದು ಬಂದ ಮಿಲ್ಲಿನ ಸಾವಕಾರರು ಬೇರೊಂದು ಫ್ಯೂಸು ಹಾಕಿಸಿ ಗುಂಡಿ ಒತ್ತಿದರು.

ಆಸ್ಪತ್ರೆಯಲ್ಲಿ ಸಾವಕಾರರು ನನಗೇ ಹೇಳುತ್ತಾರೆ, "ಯಂತ್ರ ಬಲಿ ಬೇಡಿತವ್ವಾ ತಂಗಿ, ನಾವೇನ್ ಮಾಡೂದು?"

"ಯಂತ್ರ ಏನೂ ಬೇಡಿಲ್ರಿ. ಗುಂಡಿ ಒತ್ತಿದವರು ನೀವು," ಅಂದೆ.

ಹಬ್ಬದ ದಿನ ಹೆಣ್ಣುಮಕ್ಕಳು ಬಾಯಿ ಮಾಡಬಾರದಂತೆ! ಅದನ್ನೂ ಅವರೇ ಹೇಳಿದರು.

ಈಗ ಅಣ್ಣನ ರಕ್ತದ ಅಂಗಿ ನೆನೆಹಾಕಲು ತೆಗೆದೆ. ಜೇಬು ಭಾರವಾಗಿತ್ತು. ಅವನ ಫ್ಯೂಸು ಇನ್ನೂ ಅಲ್ಲೇ ಇದೆ.